ಕೂರಿಗೆ ಭತ್ತ: ಬೀಜಕ್ಕಿಂತ ಮೊದಲು ಆಳ ನೋಡಿ

ತುಂಗಭದ್ರಾ ಕಾಲುವೆಯ ಕೊನೆಭಾಗದಲ್ಲಿ, ಸಿಂಧನೂರು, ಮಾನ್ವಿ ಕಡೆ, ಕಾಲುವೆ ನೀರಿಗೆ ಕಾದು ನಾಟಿ ಮಾಡುವ ಬದಲು ಮುಂಗಾರಿನ ಹಸಿಗೇ ಕೂರಿಗೆ ಭತ್ತ ಹಾಕುವವರಿದ್ದಾರೆ, ಅಂದರೆ ಟ್ರ್ಯಾಕ್ಟರ್ ಕೂರಿಗೆಯಿಂದ ಬೀಜವನ್ನೇ ನೇರ ಸಾಲಾಗಿ ಬಿತ್ತುವವರು. ಮೊಳಕೆ ಸರಿಯಾಗಿ ಬಾರದಿದ್ದರೆ ಬೈಗುಳ ಬೀಜಕ್ಕೆ. ಬಿತ್ತಿಸುವ ಕೆಲಸದಲ್ಲಿರುವ ನಮಗೆ ಮಣ್ಣು ಕೆದರಿದಾಗ ಹೆಚ್ಚಾಗಿ ಕಾಣುವ ತಪ್ಪು ಆಳದ್ದು.

ಬೀಜ 2ರಿಂದ 3 ಸೆಂ.ಮೀ. ಆಳಕ್ಕೆ ಬಿದ್ದರೆ ಸಾಕು. 5 ಸೆಂ.ಮೀ. ಇಳಿದರೆ ಗಿಡ್ಡ ತಳಿಯ ಮೊಳಕೆಗೆ ಮೇಲೆ ಬರುವ ತ್ರಾಣ ಇರುವುದಿಲ್ಲ. ಮಣ್ಣೊಳಗೇ ಬೆಳ್ಳಗೆ ಮುದುಡಿಕೊಂಡಿರುತ್ತದೆ. ರೋಟವೇಟರ್ ಹೊಡೆದು ಮಣ್ಣು ಹಿಟ್ಟಿನಂತಾದ ಕಡೆ ತಾಳು (ಮಣ್ಣು ಸೀಳಿ ಬೀಜ ಬೀಳಿಸುವ ಕೂರಿಗೆಯ ಕಾಲು) ತಾನೇ ಕೆಳಗಿಳಿಯುತ್ತದೆ. ಹಾಗಾಗಿ ಹೊಲ ಮಟ್ಟ ಮಾಡಿಸಿ, ಬಿತ್ತುವ ಮುಂಚೆ ಹಲಗೆ ಎಳೆಸಿ. ಹತ್ತು ಮಾರು ಬಿತ್ತಿದ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿ ಪ್ರತಿ ಸಾಲನ್ನೂ ಬೆರಳಿನಿಂದ ಕೆದರಿ ನೋಡಿ. ಟೈರಿನ ಜಾಡಿನಲ್ಲಿ ಆಳ ಬೇರೆಯೇ ಇರುತ್ತದೆ, ಅದನ್ನು ಬಿಡಬೇಡಿ.

ಬೀಜದ ಅಳತೆ ಮನೆಯಂಗಳದಲ್ಲೇ ಆಗಬೇಕು. ಕೂರಿಗೆ ಎತ್ತಿ ನಿಲ್ಲಿಸಿ, ಪ್ರತಿ ಕೊಳವೆಗೂ ಚೀಲ ಕಟ್ಟಿ, ಚಕ್ರವನ್ನು 20 ಸುತ್ತು ತಿರುಗಿಸಿ. ಚಕ್ರದ ಸುತ್ತಳತೆ 1.25 ಮೀಟರ್, 20 ಸೆಂ.ಮೀ. ಅಂತರದ 9 ತಾಳು ಇದ್ದರೆ ಅದು 45 ಚದರ ಮೀಟರ್ ಆಯಿತು. ಎಕರೆಗೆ 10 ಕೆ.ಜಿ. ಲೆಕ್ಕದಲ್ಲಿ ಒಟ್ಟು 110 ಗ್ರಾಂ, ತಾಳಿಗೆ 12 ಗ್ರಾಂ ಬೀಳಬೇಕು. ಒಂದು ಚೀಲದಲ್ಲಿ ಕಡಿಮೆ ಇದ್ದರೆ ಆ ಕೊಳವೆ ಬಿಚ್ಚಿ ನೋಡಿ. ಬದುವಿನ ಬಳಿ ತಿರುಗಿಸಿದಾಗ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕೂರಿಗೆ ಇಳಿಸಿದರೆ ಹಸಿ ಮಣ್ಣು ತಾಳಿನ ಬಾಯಿ ಮುಚ್ಚುತ್ತದೆ. ಚಾಲಕರಿಗೆ ಇದು ಗೊತ್ತಾಗುವುದೇ ಇಲ್ಲ. ಹತ್ತು ದಿನದ ಮೇಲೆ ಖಾಲಿ ಸಾಲು ಕಾಣುತ್ತದೆ. ಗಾಡಿ ಮುಂದೆ ಸರಿಯುತ್ತಿರುವಾಗಲೇ ಇಳಿಸಿ.

ಬಿತ್ತಿದ 2-3 ದಿನದೊಳಗೆ ಎಕರೆಗೆ 1.3 ಲೀಟರ್ ಪೆಂಡಿಮೆಥಾಲಿನ್ 30 ಇ.ಸಿ. ಕಳೆನಾಶಕವನ್ನು 200 ಲೀಟರ್ ನೀರಿನಲ್ಲಿ ಸಿಂಪಡಿಸಿ. ನೆಲದಲ್ಲಿ ಹಸಿ ಇಲ್ಲದಿದ್ದರೆ ದುಡ್ಡು ದಂಡ. ಮುಂದೆ ಕಳೆ 2-4 ಎಲೆ ಇದ್ದಾಗ, ಅಂದರೆ 15-20 ದಿನಕ್ಕೆ, ಬಿಸ್ಪೈರಿಬ್ಯಾಕ್ 10 ಎಸ್.ಸಿ. ಕಳೆನಾಶಕ ಎಕರೆಗೆ 80ರಿಂದ 100 ಮಿ.ಲೀ. ಕೋಳಿಪಾದದಂತೆ ತೆನೆ ಕವಲೊಡೆಯುವ ಹುಲ್ಲು ಇದಕ್ಕೆ ಜಗ್ಗುವುದಿಲ್ಲ, ಅದನ್ನು ಕಿತ್ತೇ ತೆಗೆಯಬೇಕು.

ಮೂರನೇ ವಾರದಲ್ಲಿ ಹೊಲ ಹಳದಿಯಾಯಿತೆಂದು ಯೂರಿಯಾ ಚೀಲಕ್ಕೆ ಕೈ ಹಾಕುವ ಮೊದಲು ಎಲೆ ನೋಡಿ. ಹಳೆಯ ಎಲೆ ಹಳದಿಯಾದರೆ ಸಾರಜನಕದ ಕೊರತೆ. ಹೊಸ ಸುಳಿಯೇ ಬಿಳಿಚಿಕೊಂಡು, ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಕೊರತೆ. ನೀರು ನಿಲ್ಲದ ಸುಣ್ಣದ ಕಪ್ಪು ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ವಾರ ಬಿಟ್ಟು ಎರಡು ಸಲ ಸಂಜೆ ಹೊತ್ತು ಸಿಂಪಡಿಸಿ. ಆಮೇಲೆ ಬರುವ ಸುಳಿ ಹಸಿರಾಗಿದೆಯೇ ನೋಡಿ. ಬಿಳಿಚಿದ ಹಳೆಯ ಎಲೆ ಪೂರ್ತಿ ತಿರುಗುವುದಿಲ್ಲ.