ಮಂಗವೂ ಮುಸಿಯವೂ: ಒಂದು ಕರಪತ್ರದ ಅನುವಾದದಲ್ಲಿ ಕಲಿತದ್ದು

ಆರೋಗ್ಯ ಮತ್ತು ಕೃಷಿಯ ಬರಹಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ಸಾಗರದಲ್ಲಿರುವ ನನ್ನ ಉದ್ಯೋಗ. ಜೊತೆಗೆ, ಸಂಬಳ ಬಯಸದೆ ಅನುವಾದಕ್ಕೆ ಕೈಜೋಡಿಸುವ ಆರೇಳು ಮಂದಿಯ ಕೆಲಸವನ್ನೂ ನಾನೇ ನೋಡಿಕೊಳ್ಳುತ್ತೇನೆ. ಶಿವಮೊಗ್ಗ, ಮೈಸೂರು, ಧಾರವಾಡಗಳಲ್ಲಿರುವ ಅವರೊಂದಿಗೆ ವಾರದಲ್ಲಿ ಎರಡು ಸಂಜೆ ಆನ್‌ಲೈನ್‌ನಲ್ಲಿ ಕುಳಿತು ಪದಗಳ ಅರ್ಥವನ್ನೂ ವಾಕ್ಯಗಳ ವ್ಯಾಕರಣವನ್ನೂ ಚರ್ಚಿಸುತ್ತೇವೆ. ಈ ಚರ್ಚೆಯ ಬೆಲೆ ನನಗೆ ಸರಿಯಾಗಿ ತಿಳಿದದ್ದು ಮಂಗನ ಕಾಯಿಲೆಯ ಕರಪತ್ರವೊಂದನ್ನು ಸಿದ್ಧಪಡಿಸುವಾಗ. 1957ರಲ್ಲಿ ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟು, 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಜೀವಗಳನ್ನು ಬಲಿ ತೆಗೆದುಕೊಂಡ ಕಾಯಿಲೆ ಇದು. ಇಲ್ಲಿ ಒಂದು ಪದ ತಪ್ಪಿದರೂ ಅದು ಬರಿಯ ಭಾಷೆಯ ತಪ್ಪಾಗಿ ಉಳಿಯುವುದಿಲ್ಲ.

ಮೈಸೂರಿನ ಗೆಳತಿಯೊಬ್ಬರು ರೋಗ ಹರಡುವ ಹುಳಕ್ಕೆ ‘ಉಣ್ಣೆ’ ಎಂದು ಬರೆದಿದ್ದರು. ಪದ ಸರಿಯಾಗಿಯೇ ಇದೆ. ಆದರೆ ‘ಮೈಮೇಲೆ ಉಣ್ಣೆ ಇದೆಯೇ ನೋಡಿಕೊಳ್ಳಿ’ ಎಂದರೆ ಕಂಬಳಿಯ ಉಣ್ಣೆಯೂ ನೆನಪಿಗೆ ಬರುತ್ತದೆ. ಮಲೆನಾಡಿನ ಬಾಯಲ್ಲಿರುವ ‘ಉಣುಗು’ ಎಂಬುದನ್ನೇ ಇಟ್ಟುಕೊಂಡೆವು. ಇದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ನಾನು ಎಡವಿದ್ದು ಯಾರಿಗೂ ಅನುಮಾನವೇ ಬಾರದ ಪದದಲ್ಲಿ. ಮೂಲದಲ್ಲಿದ್ದ ‘ಮಂಕಿ’ಯನ್ನು ನಾನು ಎಲ್ಲ ಕಡೆಯೂ ‘ಮಂಗ’ ಎಂದು ಮಾಡಿದ್ದೆ. ಕರಡನ್ನು ಓದಿಸಿದಾಗ ಆಶಾ ಕಾರ್ಯಕರ್ತೆಯೊಬ್ಬರು, “ಸರ್, ಹೀಗೆ ಬರೆದ್ರೆ ಮುಸಿಯ ಸತ್ತಿದ್ದನ್ನ ನಮ್ಮೂರಲ್ಲಿ ಯಾರೂ ಹೇಳೋದಿಲ್ಲ. ಮಂಗ ಬೇರೆ, ಮುಸಿಯ ಬೇರೆ ಅಲ್ವಾ?” ಎಂದರು. ನಿಘಂಟಿನಲ್ಲಿ ನನ್ನ ಪದಕ್ಕೆ ಯಾವ ಕೊರತೆಯೂ ಇರಲಿಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಮಂಗವೆಂದರೆ ಕೆಂಪು ಮುಖದ್ದು, ಕಪ್ಪು ಮುಖದ ಉದ್ದ ಬಾಲದ್ದು ಮುಸಿಯ. ಈ ಕಾಯಿಲೆಯಿಂದ ಎರಡೂ ಸಾಯುತ್ತವೆ. ಕಾಡಂಚಿನಲ್ಲಿ ಅವು ಸತ್ತು ಬೀಳುವುದೇ ಊರಿಗೆ ಸಿಗುವ ಮೊದಲ ಎಚ್ಚರಿಕೆಯಾಗಿರುವಾಗ, ನನ್ನ ಅನುವಾದ ಅದರ ಅರ್ಧವನ್ನು ಮುಚ್ಚಿಹಾಕುತ್ತಿತ್ತು. ಸಾಗರದಲ್ಲೇ ಇರುವ ನನಗೆ ಇದು ಹೊಳೆಯದೆ ಹೋದದ್ದು ಇಂದಿಗೂ ನೋವಿನ ಸಂಗತಿ.

ಆ ಸಂಜೆ ‘ಮಂಗ ಅಥವಾ ಮುಸಿಯ’ ಎಂದು ತಿದ್ದಲು ಕುಳಿತಾಗ ವ್ಯಾಕರಣದ ಪ್ರಶ್ನೆ ಎದ್ದಿತು. ‘ಮಂಗನ ಕಾಯಿಲೆ’ ಎನ್ನುವಾಗ ಪುಲ್ಲಿಂಗದ ಪ್ರತ್ಯಯ, ‘ಮಂಗ ಸತ್ತಿದೆ’ ಎನ್ನುವಾಗ ನಪುಂಸಕದ ಕ್ರಿಯಾಪದ. ಹಾಗಾದರೆ ‘ಮಂಗನನ್ನು’ ಸರಿಯೋ ‘ಮಂಗವನ್ನು’ ಸರಿಯೋ? ಧಾರವಾಡದವರಿಗೂ ಶಿವಮೊಗ್ಗದವರಿಗೂ ಒಮ್ಮತ ಮೂಡಲಿಲ್ಲ. ಕೊನೆಗೆ ‘ಮಂಗ ಅಥವಾ ಮುಸಿಯ ಸತ್ತು ಬಿದ್ದಿರುವುದು ಕಂಡರೆ’ ಎಂದು ವಾಕ್ಯವನ್ನೇ ಬದಲಿಸಿದೆವು.

ಅದರ ಮುಂದಿನ ಸಾಲಿನ ಬಗ್ಗೆ ನಡೆದ ಮಾತು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ‘ಅದರ ಹತ್ತಿರ ಹೋಗಿ, ಕೈಯಿಂದ ಎತ್ತಿ, ದೂರಕ್ಕೆ ಸಾಗಿಸಬೇಡಿ’ ಎಂದಿತ್ತು ಕರಡಿನಲ್ಲಿ. ‘ಹೋಗಿ’, ‘ಎತ್ತಿ’ ಎಂಬ ರೂಪಗಳು ಕನ್ನಡದಲ್ಲಿ ಮುಂದಿನ ಕ್ರಿಯೆಗೆ ಕೊಂಡಿಯೂ ಹೌದು, ಗೌರವದ ಆಜ್ಞೆಯೂ ಹೌದು. ಕಾಗದದಲ್ಲಿ ಓದುವವರು ಕೊನೆಯ ‘ಬೇಡಿ’ಯವರೆಗೆ ಬಂದು ಅರ್ಥವನ್ನು ಕೂಡಿಸಿಕೊಂಡಾರು. ಆಟೋಗೆ ಕಟ್ಟಿದ ಮೈಕಿನಲ್ಲಿ ಇದೇ ಸಾಲನ್ನು ಕೂಗುತ್ತಾ ಹೋದರೆ, ಅಂಗಳದಲ್ಲಿ ಅಡಿಕೆ ಸುಲಿಯುತ್ತಿರುವವರ ಕಿವಿಗೆ ‘ಹತ್ತಿರ ಹೋಗಿ, ಕೈಯಿಂದ ಎತ್ತಿ’ ಎಂಬಷ್ಟೇ ಬಿದ್ದೀತು. ಮೂಲದ ಒಂದು ವಾಕ್ಯವನ್ನು ನಾವು ಮೂರಾಗಿ ಒಡೆದೆವು: ‘ಹತ್ತಿರ ಹೋಗಬೇಡಿ. ಮುಟ್ಟಬೇಡಿ. ಆರೋಗ್ಯ ಕಾರ್ಯಕರ್ತೆಯರಿಗೆ ತಿಳಿಸಿ.’

ಅಂದಿನಿಂದ ನಮ್ಮ ಪದಪಟ್ಟಿಯಲ್ಲಿ ಅರ್ಥದ ಪಕ್ಕಕ್ಕೆ ಇನ್ನೊಂದು ಕಾಲಂ ಸೇರಿದೆ: ಈ ಪದವನ್ನು ಯಾವ ಊರಿನವರಿಗೆ ಓದಿ ಹೇಳಿದೆವು, ಅವರು ಏನೆಂದು ತಿಳಿದರು. ‘ತರಗೆಲೆ’ಯ ಎದುರು ಅದು ಇನ್ನೂ ಖಾಲಿಯಿದೆ. ಇಲ್ಲಿ ಕೊಟ್ಟಿಗೆಗೆ ಹಾಸಲು ಅದನ್ನು ಗುಡಿಸಿ ತರುವವರು ‘ದರಗು’ ಎನ್ನುತ್ತಾರೆ. ತೀರ್ಥಹಳ್ಳಿ, ಹೊಸನಗರದ ಕಡೆ ಕೇಳಿ ಬರುವವರೆಗೆ ಅದನ್ನು ಅಚ್ಚಿಗೆ ಕೊಡುವುದಿಲ್ಲ.