ಟೈಮ್ ಮುಗಿದ ಮೇಲೆ ಏನಾಗಬೇಕು?

ಕಾಲೇಜುಗಳು ಆನ್‌ಲೈನ್ ಪಾಠ, ಪರೀಕ್ಷೆಗೆ ಬಳಸುವ ಮೂಡಲ್ ಸಾಫ್ಟ್‌ವೇರಿನಲ್ಲಿ ಕ್ವಿಜ್ ಹಾಕುವವರು 'ವೆನ್ ಟೈಮ್ ಎಕ್ಸ್‌ಪೈರ್ಸ್' ಅನ್ನುವ ಸಾಲನ್ನು ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. ಮುಟ್ಟದಿದ್ದರೇ ಒಳ್ಳೆಯದು. ಹಾಗೇ ಬಿಟ್ಟರೆ, ಟೈಮ್ ಮುಗಿದಾಗ ಬರೆದಷ್ಟನ್ನು ಅದೇ ಸಬ್ಮಿಟ್ ಮಾಡಿಕೊಳ್ಳುತ್ತದೆ. ಕೆಳಗೆ ಇನ್ನೊಂದು ಆಯ್ಕೆ ಇದೆ. ವಿದ್ಯಾರ್ಥಿಯೇ ಟೈಮ್ ಒಳಗೆ ಒತ್ತಬೇಕು, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ಸ್ವಲ್ಪ ಶಿಸ್ತು ಬರಲಿ ಅಂತ ನಾನು ಅದನ್ನು ಆರಿಸಿದ್ದೆ.

ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನಲ್ಲಿ ಶನಿವಾರ ಹೈಬ್ರಿಡ್. ಹತ್ತಿರದವರು ಲ್ಯಾಬಿಗೆ ಬರುತ್ತಾರೆ. ಬಾಗೇಪಲ್ಲಿ, ಗುಡಿಬಂಡೆ, ಶಿಡ್ಲಘಟ್ಟದ ಕಡೆಯವರು ಮನೆಯಿಂದಲೇ ಗೂಗಲ್ ಮೀಟ್‌ಗೆ ಸೇರುತ್ತಾರೆ. ಬಸ್ ಚಾರ್ಜ್ ಉಳಿಯುತ್ತೆ ಅನ್ನುವುದು ಮಕ್ಕಳ ಲೆಕ್ಕ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನವರಿಗೆ ತೋರಿಸುವ ಫೈಲಿಗೆ ಸ್ಕ್ರೀನ್‌ಶಾಟ್ ಸಿಗುತ್ತೆ ಅನ್ನುವುದು ಪ್ರಿನ್ಸಿಪಾಲರ ಲೆಕ್ಕ.

ಅವತ್ತು ಕಾಸ್ಟ್ ಅಕೌಂಟಿಂಗ್ ಕ್ವಿಜ್. 20 ನಿಮಿಷ, ಇಂಟರ್ನಲ್ಸ್‌ಗೆ ಸೇರುವಂಥದ್ದು. ಮೊದಲೇ ಟೆಸ್ಟ್ ಮಾಡಿದ್ದೆ. ಆದರೆ ಲ್ಯಾಬಿನ ಕಂಪ್ಯೂಟರಿನಲ್ಲಿ, ಕಾಲೇಜಿನ ವೈಫೈನಲ್ಲಿ. ಮಕ್ಕಳ ಹತ್ತಿರ ಇರುವುದು ಒಂದೇ ಫೋನು. ಅದರಲ್ಲೇ ಮೀಟ್, ಅದರಲ್ಲೇ ಕ್ವಿಜ್.

ಶುರುವಾದ ಮೇಲೆ ಮೀಟ್‌ನಲ್ಲಿ ಒಂದು ಸದ್ದಿಲ್ಲ. ಪರವಾಗಿಲ್ಲ, ಮನಸ್ಸಿಟ್ಟು ಬರೀತಿದ್ದಾರೆ ಅಂತ ಖುಷಿಪಟ್ಟೆ. ಲ್ಯಾಬಿನವರು ಒಬ್ಬೊಬ್ಬರೇ ಮುಗಿಸಿ ಎದ್ದರು. ಆಗ ಮೀಟ್‌ನ ಪಟ್ಟಿ ನೋಡಿದೆ. ಅರ್ಧಕ್ಕರ್ಧ ಜನ ಇಲ್ಲ! ಒಂದು ಹೆಸರು ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಬಾಗೇಪಲ್ಲಿ ಕಡೆ ಕರೆಂಟ್ ಹೋಗಿತ್ತಂತೆ. ಕರೆಂಟ್ ಹೋದರೆ ಆ ಹಳ್ಳಿಗಳಲ್ಲಿ ಟವರೂ ಮಲಗುತ್ತದೆ. ಟೈಮ್ ಹೆಚ್ಚಿಸೋಣ ಅಂತ ಸೆಟ್ಟಿಂಗ್ ತೆರೆಯುವಷ್ಟರಲ್ಲಿ ಕ್ವಿಜ್ ಮುಚ್ಚಿಕೊಂಡಿತು.

ರಿಪೋರ್ಟ್ ತೆಗೆದರೆ ಸಾಲುಸಾಲಾಗಿ 'ನೆವರ್ ಸಬ್ಮಿಟೆಡ್'. ಮಾರ್ಕ್ಸ್ ಇರಬೇಕಾದ ಕಡೆ ಒಂದು ಗೀಟು. ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಸುರಿಯುತ್ತಿದ್ದವು. ಒಬ್ಬಳು ಫೋನ್ ಮಾಡಿ ಅಳುತ್ತಾ, "ಮೇಡಂ, ಎಲ್ಲಾ ಬರ್ದಿದ್ದೆ. ಕೊನೇ ಬಟನ್ ಒತ್ತಿದ್ರೆ ಸುಮ್ನೆ ಸುತ್ತುತಾನೇ ಇತ್ತು" ಅಂದಳು. ವಿಭಾಗದ ಮುಖ್ಯಸ್ಥರು, ಅಂದರೆ ಎಚ್‌ಒಡಿ, ಬಂದು ನೋಡಿ, "ಸೊನ್ನೆ ಹಾಕಿ ಮೇಡಂ. ಮಾರ್ಕ್ಸ್ ಇವತ್ತೇ ಪೋರ್ಟಲ್‌ಗೆ ಹೋಗ್ಬೇಕು" ಅಂದರು. ರೂಲ್ ನಾನೇ ಹಾಕಿದ್ದು, ಅವರಿಗೆ ಏನಂತ ಹೇಳಲಿ?

ಸಂಜೆ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಒಂದೊಂದೇ ಅಟೆಂಪ್ಟ್ ತೆರೆದೆ. ಉತ್ತರಗಳು ಅಲ್ಲೇ ಇದ್ದವು. ಮೂಡಲ್ ಆಗಾಗ ತಾನೇ ಸೇವ್ ಮಾಡಿಕೊಳ್ಳುತ್ತೆ ಅನ್ನುವುದು ನನಗೆ ಆಗ ಹೊಳೆಯಿತು. ಹಾಳೆ ಇಟ್ಟುಕೊಂಡು ಕೈಯಲ್ಲೇ ಕೂಡಿ ಮಾರ್ಕ್ಸ್ ಹಾಕಿದೆ. ಪೋರ್ಟಲ್‌ಗೆ ತಡವಾಗಿದ್ದಕ್ಕೆ ಮೆಮೋ ಕೊಡ್ತೀವಿ ಅಂದರು. ಕೊಡಲಿಲ್ಲ.

ಈಗ ಶನಿವಾರದ ಕ್ವಿಜ್‌ಗೆ ನಿಮಿಷದ ಲೆಕ್ಕ ತೆಗೆದಿದ್ದೇನೆ. ಶನಿವಾರ ತೆರೆದು ಭಾನುವಾರ ರಾತ್ರಿ ಮುಚ್ಚುತ್ತೆ. ಟೈಮ್ ಲಿಮಿಟ್ ಇಲ್ಲದ ಕ್ವಿಜ್ ಆದರೆ ಮೂಡಲ್ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಕೊಂಡು ನೆಟ್‌ವರ್ಕ್ ಇಲ್ಲದೆಯೂ ಬರೆಯಬಹುದು. ಆ ಆಫ್‌ಲೈನ್ ಆಯ್ಕೆಯನ್ನು ನಾವೇ ಆನ್ ಮಾಡಬೇಕು, ಅಷ್ಟೇ. "ಕಾಪಿ ಹೊಡೀತಾರಲ್ವಾ?" ಅಂತಾರೆ ಎಚ್‌ಒಡಿ. ಹೊಡೀತಾರೆ. ಅದಕ್ಕೇ ಕ್ವಿಜ್‌ಗೆ ಮಾರ್ಕ್ಸ್ ಕಮ್ಮಿ ಮಾಡಿ, ತಯಾರಿಕೆಯ ಖರ್ಚು ಲೆಕ್ಕ ಹಾಕುವ ಕಾಸ್ಟ್ ಶೀಟನ್ನು ಕ್ಲಾಸಿನಲ್ಲಿ ಕೂರಿಸಿ ಬರೆಸುತ್ತೇನೆ. ಅವರು ಇನ್ನೂ ಒಪ್ಪಿಲ್ಲ. ಆದರೆ ಮುಂದಿನ ಸೆಮಿಸ್ಟರ್ ಅವರ ಟ್ಯಾಕ್ಸ್ ಪೇಪರಿಗೂ ಕ್ವಿಜ್ ನಾನೇ ಹಾಕಿಕೊಡಬೇಕಂತೆ.