ನೀರು ನೋಡೋದಕ್ಕೂ ಕೂಲಿನಾ?

"ನೀರು ನೋಡ್ತಾ ಕೂರೋದಕ್ಕೂ ಕೂಲಿನಾ ಮೇಸ್ತ್ರಿ?"

ಮಂಗಳವಾರ ಬೆಳಿಗ್ಗೆ ಮನೆ ಯಜಮಾನರು ಕೇಳಿದ್ದು ಇಷ್ಟೇ. ನಗುತ್ತಲೇ ಕೇಳಿದರು. ಪಕ್ಕದಲ್ಲಿದ್ದ ಪ್ಲಂಬರ್ ಕೂಡ ಹಲ್ಲು ಬಿಟ್ಟ. ನಾನೂ ನಕ್ಕೆ. ಇವತ್ತು ಶನಿವಾರ, ಆ ಮಾತು ಇನ್ನೂ ಕಿವಿಯಿಂದ ಇಳಿದಿಲ್ಲ. ಗಾಡಿ ಓಡಿಸುವಾಗ ಒಂದು ಉತ್ತರ ಹೊಳೆಯುತ್ತದೆ, ರಾತ್ರಿ ಮಗ್ಗುಲು ಬದಲಿಸುವಾಗ ಇನ್ನೊಂದು. ಕೇಳಿದ ಗಳಿಗೆಯಲ್ಲಿ ಮಾತ್ರ ಒಂದೂ ಹೊಳೆಯಲಿಲ್ಲ.

ಅವರ ಕಣ್ಣಿಗೆ ಬಿದ್ದದ್ದೂ ಹಾಗೇ ಇತ್ತು ಅನ್ನಿ. ಖಾಲಿ ಬಾತ್‌ರೂಮು. ನೀರು ಹೋಗುವ ಬಾಯಿಗೆ ಬಿರಡೆ. ನೆಲದ ಮೇಲೆ 2 ಇಂಚು ನೀರು. ನಡುವೆ ಅರ್ಧ ತುಂಬಿದ ಒಂದು ಬಕೆಟ್. ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಗೋಡೆಯ ಪೆನ್ಸಿಲ್ ಗೆರೆಯನ್ನೇ ನೋಡುತ್ತಿರುವ ನಾನು. ಇದನ್ನು ಕೆಲಸ ಅಂತ ಯಾರು ಹೇಳುತ್ತಾರೆ?

ಆದರೆ ಟೈಲ್ಸ್ ಕೂರಿಸುವ ಮೊದಲು ನಾನು ಮಾಡುವ ಕೊನೆಯ ಕೆಲಸ ಅದೇ. ನೆಲ, ಗೋಡೆ ಸೇರುವ ಮೂಲೆಗಳನ್ನು ದುಂಡಗೆ ಮಾಡಿ, ಜಾಲರಿ ಬಟ್ಟೆ ಒತ್ತಿ, ವಾಟರ್‌ಪ್ರೂಫಿಂಗ್ ಎರಡು ಕೋಟು ಹೊಡೆಯುತ್ತೇನೆ. ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಒಂದರಲ್ಲಿ ಬಿಟ್ಟುಹೋದ ಸೂಜಿಮೊನೆಯಷ್ಟು ಜಾಗ ಇನ್ನೊಂದರಲ್ಲಿ ಮುಚ್ಚಲಿ ಅಂತ. ಡಬ್ಬಿಯ ಮೇಲೆ ಬರೆದಷ್ಟು ದಿನ ಒಣಗಿದ ಮೇಲೆ ನೀರು ನಿಲ್ಲಿಸಿ, ಗೆರೆ ಎಳೆದು, ದಿನಾಂಕ ಬರೆದು 48 ಗಂಟೆ ಬಿಡುತ್ತೇನೆ. ಬಕೆಟ್ ಯಾಕೆ ಅಂದರೆ, ನಿಂತ ನೀರು ತಾನಾಗಿಯೂ ಸ್ವಲ್ಪ ಆರುತ್ತದೆ. ಬಕೆಟ್ಟಿನೊಳಗೂ ಒಂದು ಗೆರೆ. ಎರಡೂ ಕಡೆ ಒಂದೇ ಸಮ ಇಳಿದರೆ ಗಾಳಿ ಕುಡಿದದ್ದು. ನೆಲದ್ದು ಮಾತ್ರ ಹೆಚ್ಚು ಇಳಿದರೆ ಸ್ಲ್ಯಾಬು ಕುಡಿಯುತ್ತಿದೆ. ಜೊತೆಗೆ ದಿನಕ್ಕೆ ಮೂರು ಸಲ ಕೆಳಗಿನ ಕೋಣೆಗೆ ಇಳಿದು, ಟಾರ್ಚ್ ಹಿಡಿದು, ಸೂರನ್ನು ಅಂಗೈಯಿಂದ ಸವರಿ ಬರುತ್ತೇನೆ. ತೇವ ಮೊದಲು ಗೊತ್ತಾಗುವುದು ಕೈಗೆ. ಕಣ್ಣಿಗಲ್ಲ.

ಅಂದಹಾಗೆ, ನಾನು ಈ ಕೆಲಸ ಒಪ್ಪಿದ್ದು ಗುತ್ತಿಗೆಗೆ, ದಿನಗೂಲಿಗಲ್ಲ. ನೀರು ನಿಂತ ಆ ಎರಡು ದಿನಕ್ಕೆ ಯಾರೂ ನನಗೆ ಏನೂ ಕೊಡುವುದಿಲ್ಲ, ನನ್ನ ಹುಡುಗನ ಕೂಲಿ ಮಾತ್ರ ನನ್ನ ಜೇಬಿನಿಂದಲೇ ಹೋಗುತ್ತದೆ. ಇದು ಯಜಮಾನರಿಗೂ ಗೊತ್ತು. ಗೊತ್ತಿದ್ದೂ ಆ ಮಾತು ಬಂತಲ್ಲ, ಅದೇ ಚುಚ್ಚಿದ್ದು.

ಕೆಟ್ಟವರೇನಲ್ಲ ಅವರು. ಲೆಕ್ಕಪತ್ರದ ಕೆಲಸ. ನನ್ನ ಬಿಲ್ಲನ್ನೇ ಎರಡು ಸಲ ಕೂಡಿಸಿ, ಮೂರನೆಯ ಸಲ ಕ್ಯಾಲ್ಕುಲೇಟರಿನಲ್ಲಿ ನೋಡಿದವರು. ಅಂಥವರಿಗೆ ನೀರಿನ ಲೆಕ್ಕ ಯಾಕೆ ಹಿಡಿಸಲಿಲ್ಲವೋ! ಹಿಂದೆ ಯಾರೋ ದಿನ ತಳ್ಳಿ ತಳ್ಳಿ ಅವರನ್ನು ಸುಲಿದಿದ್ದಾರಂತೆ. ಆ ಸಿಟ್ಟಿನ ಬಡ್ಡಿ ನನ್ನ ತಲೆಗೆ ಬಂದಿದೆ. ಅವರ ಹೆಂಡತಿ ಬಂದು, "ಆ ಬಕೆಟ್ ಯಾಕೆ?" ಅಂತ ಒಂದೇ ಪ್ರಶ್ನೆ ಕೇಳಿದರು. ಹೇಳಿದೆ. "ಓ, ಅದು ಸಾಕ್ಷಿಗೆ" ಅಂದು ಹೋದರು. ಇಡೀ ಮನೆಯಲ್ಲಿ ಆ ಎರಡು ದಿನ ಕಾಲಿಗೆ ಅಡ್ಡಬಂದರೂ ಬಕೆಟ್ಟನ್ನು ಮುಟ್ಟದವರು ಅವರೊಬ್ಬರೇ.

ಪ್ಲಂಬರ್ ವಿಷಯ ಬೇರೆ. ಪೈಪಿನ ಸುತ್ತ ಸ್ಲ್ಯಾಬನ್ನು ಇಲಿ ಕೊರೆದ ಹಾಗೆ ಒಡೆದಿಟ್ಟು ಹೋದವನು ಅವನು. ಅದನ್ನು ತುಂಬಿ ಗಟ್ಟಿ ಮಾಡಿದ್ದು ನಾನು. "ಇಷ್ಟೆಲ್ಲಾ ಯಾರೂ ಮಾಡಲ್ಲ ಸಾರ್" ಅಂತ ಯಜಮಾನರ ಕಿವಿ ಕಚ್ಚಿದವನೂ ಅವನೇ. ನೀರು ಸೋರಿದ್ದರೆ ಹೆಸರು ಯಾರದ್ದು ಹೇಳುತ್ತಿದ್ದನೋ ನಾನು ಬಿಡಿಸಿ ಹೇಳಬೇಕಿಲ್ಲ.

ನನ್ನ ಹುಡುಗ ಕೂಡ ಮಂಗಳವಾರ ಸಂಜೆ ಮೆಲ್ಲಗೆ ಅಂದ: "ಅಣ್ಣ, 36 ಗಂಟೆ ಆಯ್ತಲ್ಲ, ಒಂದು ಚೂರೂ ಇಳಿದಿಲ್ಲ. ಬಿಟ್ಬಿಡೋಣ." ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ವಯಸ್ಸಿನಲ್ಲಿ ನಾನೂ ಬಿಟ್ಟಿದ್ದೆ. ಆಗಿನ ಮನೆಯವರಿಗೂ ಅವಸರ, ನನಗೂ ಮುಂದಿನ ಕೆಲಸದ ಅವಸರ. ನೀರು ನಿಲ್ಲಿಸಲೇ ಇಲ್ಲ. ಎಂಟು ತಿಂಗಳ ಮೇಲೆ ಕೆಳಗಿನ ಮನೆಯ ಸೂರಿನಲ್ಲಿ ಹಳದಿ ಕಲೆ. ಮೇಲೆ ನೋಡಿದರೆ ಬಾತ್‌ರೂಮು ಹೊಚ್ಚ ಹೊಸದು, ಕೆಳಗೆ ಪ್ಲಾಸ್ಟರ್ ಹೊಪ್ಪಳೆ ಏಳುತ್ತಿತ್ತು. ಒಳಗಿನ ಕಬ್ಬಿಣಕ್ಕೆ ನೀರು ಮುಟ್ಟಿದರೆ ತುಕ್ಕು ಹಿಡಿದು ಊದಿಕೊಳ್ಳುತ್ತದೆ, ಊದಿದ್ದು ಕಾಂಕ್ರೀಟನ್ನೇ ಸೀಳುತ್ತದೆ. ಸೋರುತ್ತಿದ್ದದ್ದು ಪೈಪಿನ ಅಂಚಿನ ಕೂದಲೆಳೆಯಷ್ಟು ಸಂದಿಯಿಂದ. ಅದಕ್ಕಾಗಿ ಇಡೀ ನೆಲ ಒಡೆದೆ. ಟೈಲ್ಸ್ ಮಾತ್ರ ಅಂಟು ತುಂಬ ಎಳೆದು, ಎಲ್ಲೂ ಟೊಳ್ಳಿಲ್ಲದ ಹಾಗೆ ಕೂರಿಸಿದ್ದೆ ನೋಡಿ, ಒಂದೂ ಇಡಿಯಾಗಿ ಬರಲಿಲ್ಲ. ನನ್ನ ಒಳ್ಳೆಯ ಕೆಲಸವನ್ನು ನಾನೇ ಉಳಿ, ಸುತ್ತಿಗೆ ಹಿಡಿದು ಚೂರುಚೂರು ಮಾಡಿದೆ.

ಬುಧವಾರ ಬೆಳಿಗ್ಗೆ 48 ಗಂಟೆ ತುಂಬಿತು. ನೆಲದ ಗೆರೆಯಿಂದ ನೀರು ಒಂದು ನೂಲಿನಷ್ಟು ಇಳಿದಿತ್ತು, ಬಕೆಟ್ಟಿನಲ್ಲೂ ಅಷ್ಟೇ. ಕೆಳಗಿನ ಸೂರು ಒಣಗಿ ಬೆಚ್ಚಗಿತ್ತು. ನಾನು ಖುಷಿಯಿಂದ ಯಜಮಾನರನ್ನು ಕರೆದು ತೋರಿಸಿದೆ. ಅವರು ಗೆರೆ ನೋಡಿದರು, ಬಕೆಟ್ ನೋಡಿದರು, ನನ್ನ ಮುಖ ನೋಡಿದರು.

"ನೋಡಿದ್ರಾ, ಏನೂ ಆಗಲಿಲ್ಲ. ಎರಡು ದಿನ ದಂಡ."

ಇದಕ್ಕೆ ಏನು ಹೇಳಬೇಕು? ಸೋರಿದ್ದರೆ ಕೆಲಸ ಗೊತ್ತಿಲ್ಲದವನು ನಾನು. ಸೋರದಿದ್ದರೆ ದಿನ ಹಾಳುಮಾಡಿದವನು. ಗೆಲ್ಲುವ ದಾರಿಯೇ ಇಲ್ಲದ ಆಟ ಇದು. ಟೈಲ್ಸಿನ ಬಣ್ಣಕ್ಕೆ ಹೊಗಳಿಕೆ ಬರುತ್ತದೆ, ಆ ಬಣ್ಣ ಆರಿಸಿದ್ದು ನಾನಲ್ಲ. ನಾನು ಮಾಡಿದ್ದೆಲ್ಲ ಅದರ ಕೆಳಗೆ. ದುಂಡಗೆ ಮಾಡಿದ ಮೂಲೆ, ನೀರು ಹರಿದುಹೋಗಲಿ ಅಂತ ಮೀಟರಿಗೆ 1 ಸೆಂಟಿಮೀಟರಿನಷ್ಟು ಕೊಟ್ಟ ವಾಟ, ಅಡ್ಡಕ್ಕೆ ಹೊಡೆದ ಎರಡನೆಯ ಕೋಟು. ಹತ್ತು ವರ್ಷ ಆ ಮನೆಯಲ್ಲಿ ಯಾರಿಗೂ ನನ್ನ ನೆನಪೇ ಬರದಿದ್ದರೆ ಕೆಲಸ ಚೆನ್ನಾಗಿ ಆಗಿದೆ ಅಂತ ಲೆಕ್ಕ. ಡಾಕ್ಟರಿಗೂ ಮೆಕ್ಯಾನಿಕ್ಕಿಗೂ ಹಾಗಲ್ಲ; ಕೆಟ್ಟದ್ದನ್ನು ಸರಿಮಾಡಿ ಕೊಟ್ಟರೆ ಕೈ ಮುಗಿಯುತ್ತಾರೆ. ಕೆಡದ ಹಾಗೆ ನೋಡಿಕೊಂಡವನಿಗೆ ಯಾವ ಕೈಯೂ ಎದ್ದದ್ದು ನಾನು ಕಂಡಿಲ್ಲ. ಹಾಗಂತ ಕೊರಗುತ್ತೇನೆ ಅಂತಲ್ಲ. ಆದರೆ ಮಂಗಳವಾರ ಆ ನಗುವಿಗೆ ನಾನೂ ಯಾಕೆ ನಕ್ಕೆ ಅನ್ನುವುದು ಮಾತ್ರ ಇನ್ನೂ ಅರ್ಥವಾಗಿಲ್ಲ.

ಗುರುವಾರ ಮೊದಲ ಸಾಲು ಕೂರಿಸಿದೆ. ಪೆನ್ಸಿಲ್ ಗೆರೆ, ಅದರ ಪಕ್ಕದ ದಿನಾಂಕ ಎರಡೂ ಟೈಲ್ಸಿನ ಹಿಂದೆ ಹೋದವು. ಅಳಿಸಲಾ ಅಂತ ಹುಡುಗ ಕೇಳಿದ, ಇರಲಿ ಬಿಡು ಅಂದೆ.

ನಿನ್ನೆ ಸಂಜೆ ಯಜಮಾನರ ಫೋನು. "ಮೇಸ್ತ್ರಿ, ಮೇಲಿನ ಮಹಡಿ ಬಾತ್‌ರೂಮೂ ನೀವೇ ಮಾಡಿಕೊಡಿ. ಬೇರೆಯವರನ್ನ ಕರೆಯೋಕೆ ಮನಸ್ಸಿಲ್ಲ. ಆದ್ರೆ ಒಂದು ಮಾತು, ಆ ನಿಮ್ಮ ಜಲಸ್ತಂಭನ ಮಾತ್ರ ಬೇಡ, ಆಯ್ತಾ?"

"ಸೋಮವಾರ ಬರ್ತೀನಿ ಸಾರ್," ಅಂದೆ. "ಅಮ್ಮನವರಿಗೆ ಹೇಳಿ ಆ ಬಕೆಟ್ ತೆಗೆಸಿಟ್ಟಿರಿ."